ಆರ್‌ವಿ ಓಡುವಾಗ ಫ್ರಿಜ್ ಒಳಗಿನ ಸಾಮಾನು ಜೋಪಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಆರ್‌ವಿಯಲ್ಲಿ, ಅಂದರೆ ಮಲಗುವ, ಅಡುಗೆ ಮಾಡುವ ಏರ್ಪಾಡೆಲ್ಲ ಒಳಗೇ ಇರುವ ಮನೆಯಂಥ ಗಾಡಿಯಲ್ಲಿ, ಊರೂರು ಸುತ್ತುವವರು ಮಾತಿಗೆ ಸಿಕ್ಕಾಗ, ಪತ್ರ ಬರೆದಾಗ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ಸ್ವಲ್ಪ ತಾಂತ್ರಿಕವಾದವು. ನಿಮಗೆ ಬೇಕಾದ ಪ್ರಶ್ನೆ ಮಾತ್ರ ಓದಿದರೂ ನಡೆಯುತ್ತದೆ.

## ಮೊದಲ ಸಲ ಹೊರಡುವವರಿಗೆ

ಬಾಗಿಲು ಸರಿಯಾಗಿ ಮುಚ್ಚಿದ್ರೆ ಸಾಕಲ್ವಾ? ಇಷ್ಟೆಲ್ಲ ತಲೆ ಕೆಡಿಸಿಕೊಳ್ಬೇಕಾ?

ನಾನೂ ಮೊದಲ ಸಲ ಹಾಗೇ ಅಂದುಕೊಂಡಿದ್ದೆ. ಬಾಗಿಲು ಮುಚ್ಚಿ, ಒಮ್ಮೆ ತಳ್ಳಿ ನೋಡಿ ಹೊರಟಿದ್ದೆ. ಎರಡು ಗಂಟೆ ಆದ ಮೇಲೆ ನಿಲ್ಲಿಸಿ ಬಾಗಿಲು ತೆರೆದೆ. ಜಾಮ್ ಶೀಶೆ ಬಾಗಿಲಿಗೆ ಒರಗಿ ನಿಂತಿತ್ತು. ತೆರೆದ ಕ್ಷಣಕ್ಕೇ ನನ್ನ ಕಾಲ ಬೆರಳ ಪಕ್ಕ ಬಿದ್ದು ಚೂರಾಯಿತು. ಒಳಗೆ ಹಾಲಿನ ಪೊಟ್ಟಣ ಮಗುಚಿ, ಹಾಲು ಒಂದೊಂದೇ ಶೆಲ್ಫ್ ಇಳಿದು ತರಕಾರಿ ಟ್ರೇಯ ತಳದಲ್ಲಿ ನಿಂತಿತ್ತು. ಕ್ಯಾರೆಟ್ ತೇಲುತ್ತಿತ್ತು. ಬಾಗಿಲು ಮಾತ್ರ ಭದ್ರವಾಗಿಯೇ ಮುಚ್ಚಿತ್ತು.

ಬಾಗಿಲು ಸಾಮಾನನ್ನು ಹೊರಗೆ ಬರದಂತೆ ತಡೆಯುತ್ತದೆ, ಅಷ್ಟೇ. ಒಳಗೆ ಓಡಾಡದಂತೆ ತಡೆಯುವುದಿಲ್ಲ. ನಮ್ಮ ಕೆಲಸ ಇರುವುದು ಅಲ್ಲಿ. ಸಾಮಾನಿಗೆ ಅಲುಗಾಡಲು ಜಾಗವೇ ಸಿಗಬಾರದು. ಜಾಗ ಸಿಕ್ಕರೆ ಜಾರುತ್ತದೆ, ಜಾರಿದರೆ ವೇಗ ಬರುತ್ತದೆ, ವೇಗ ಬಂದ ಮೇಲೆ ಒಂದು ನಿಂಬೆಹಣ್ಣೂ ಮೊಟ್ಟೆ ಒಡೆಯುತ್ತದೆ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಕೆಳಗಿನ ಅರ್ಧ ಉತ್ತರಗಳು ನಿಮಗೇ ಹೊಳೆಯುತ್ತವೆ.

ಮನೆ ಫ್ರಿಜ್‌ನಲ್ಲಿ ಇಡೋ ಹಾಗೇ ಇಟ್ಟರೆ ಏನು ತೊಂದರೆ?

ಮನೆಯಲ್ಲಿ ನಾವು ಕೈಗೆ ಸಿಗುವ ಹಾಗೆ ಇಡುತ್ತೇವೆ. ಎತ್ತರದ ಬಾಟಲಿ ನಿಂತಿರುತ್ತದೆ, ಅದರ ಸುತ್ತ ಬೆರಳಾಡುವಷ್ಟು ಜಾಗ ಇರುತ್ತದೆ. ವಾಹನದಲ್ಲಿ ಅದೇ ಬಾಟಲಿ ಬ್ರೇಕ್ ಹಾಕಿದಾಗ ಬೀಳುತ್ತದೆ.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ. 30 ಸೆಂಟಿಮೀಟರ್ ಎತ್ತರ, 8 ಸೆಂಟಿಮೀಟರ್ ಅಗಲದ ತುಂಬಿದ ಬಾಟಲಿಯ ಭಾರದ ಕೇಂದ್ರ ಸುಮಾರು 15 ಸೆಂಟಿಮೀಟರ್ ಮೇಲಿರುತ್ತದೆ. ತಳದ ನಡುವಿನಿಂದ ಅಂಚಿಗೆ ಇರುವುದು 4 ಸೆಂಟಿಮೀಟರ್. 4ನ್ನು 15ರಿಂದ ಭಾಗಿಸಿ: ಸುಮಾರು 0.27. ಅಂದರೆ ಬಾಟಲಿಯ ತೂಕದ ಕಾಲು ಭಾಗದಷ್ಟು ಬಲ ಪಕ್ಕದಿಂದ ಬಿದ್ದರೆ ಅದು ಮಗುಚುತ್ತದೆ. ಸ್ವಲ್ಪ ಜೋರಾಗಿ ಬ್ರೇಕ್ ಒತ್ತಿದರೂ ಅಷ್ಟು ಬಲ ಬರುತ್ತದೆ. ಎದುರಿಗೆ ಯಾರೋ ಅಡ್ಡ ಬಂದು ಪೂರ್ತಿ ಒತ್ತಿದರೆ ಅದರ ಎರಡರಷ್ಟು ಬರಬಹುದು.

ಈಗ 10 ಸೆಂಟಿಮೀಟರ್ ಎತ್ತರ, 15 ಸೆಂಟಿಮೀಟರ್ ಅಗಲದ ಡಬ್ಬಿ ತೆಗೆದುಕೊಳ್ಳಿ. ಅದನ್ನು ಮಗುಚಲು ಅದರ ತೂಕದ ಒಂದೂವರೆ ಪಟ್ಟು ಬಲ ಬೇಕು. ರಸ್ತೆಯಲ್ಲಿ ಅದು ಬೀಳುವುದಿಲ್ಲ, ಹೆಚ್ಚೆಂದರೆ ಜಾರುತ್ತದೆ. ಅದಕ್ಕೇ ಪ್ರಯಾಣಕ್ಕೆ ಗಿಡ್ಡ, ಅಗಲ, ಚೌಕ ಡಬ್ಬಿಗಳು ಒಳ್ಳೆಯವು.

ಏನನ್ನ ಎಲ್ಲಿ ಇಡಬೇಕು? ಒಂದು ಕ್ರಮ ಹೇಳಿ

ಭಾರದ್ದು ಕೆಳಗೆ, ಹಿಂದಕ್ಕೆ. ಹಗುರದ್ದು ಮೇಲೆ. ಹಾಲು, ಜ್ಯೂಸ್, ನೀರು ಇವೆಲ್ಲ ಲೀಟರಿಗೆ ಸುಮಾರು ಒಂದು ಕಿಲೋ ತೂಗುತ್ತವೆ. ನಾಲ್ಕು ಬಾಟಲಿ ಅಂದರೆ ನಾಲ್ಕು ಕಿಲೋ. ಅದು ಮೇಲಿನ ಶೆಲ್ಫ್‌ನಲ್ಲಿದ್ದು ಗಾಡಿ ಗುಂಡಿಗೆ ಇಳಿದಾಗ ಶೆಲ್ಫ್ ಕೊಂಡಿಯೇ ಕಿತ್ತು ಬರಬಹುದು.

ಬಾಗಿಲಿನ ಗೂಡುಗಳಲ್ಲಿ ಮಾತ್ರ ಭಾರ ಬೇಡ. ಮನೆಯಲ್ಲಿ ಹಾಲು, ನೀರು ಇಡುವುದು ಅಲ್ಲೇ, ಹಾಗಾಗಿ ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಆದರೆ ಬಾಗಿಲಿನ ಭಾರ ಜಾಸ್ತಿಯಾದಷ್ಟೂ ತಿರುವಿನಲ್ಲಿ ಅದು ಚಿಲಕವನ್ನು ಎಳೆಯುತ್ತದೆ. ಸಾಸ್, ಬೆಣ್ಣೆ, ಸಣ್ಣ ಪ್ಲಾಸ್ಟಿಕ್ ಡಬ್ಬಿ, ಇಷ್ಟು ಬಾಗಿಲಿಗೆ ಸಾಕು.

ದಾರಿಯಲ್ಲಿ ಬೇಕಾಗುವ ತಿಂಡಿ, ನೀರು ಒಂದೇ ಬುಟ್ಟಿಯಲ್ಲಿ ಮುಂದೆ ಇರಲಿ. ಹುಡುಕುತ್ತಾ ಜೋಡಿಸಿದ್ದನ್ನೆಲ್ಲ ಕೆದಕುವ ಕೆಲಸ ತಪ್ಪುತ್ತದೆ.

ಈ ಸ್ಪ್ರಿಂಗ್ ರಾಡ್ ನಿಜವಾಗ್ಲೂ ಕೆಲಸ ಮಾಡುತ್ತಾ, ಇಲ್ಲ ಸುಮ್ನೆ ದುಡ್ಡು ದಂಡಾನಾ?

ಕೆಲಸ ಮಾಡುತ್ತದೆ, ಸರಿಯಾದ ಎತ್ತರದಲ್ಲಿ ಹಾಕಿದರೆ. ಸ್ನಾನದ ಮನೆಯ ಪರದೆಗೆ ಹಾಕುವ ರಾಡ್‌ನ ಚಿಕ್ಕ ತಮ್ಮ ಅದು. ಒಳಗೆ ಸ್ಪ್ರಿಂಗ್ ಇರುತ್ತದೆ, ಎರಡು ತುದಿಗೂ ರಬ್ಬರ್ ಟೊಪ್ಪಿ. ಫ್ರಿಜ್‌ನ ಎರಡು ಗೋಡೆಗಳ ನಡುವೆ ಒತ್ತಿ ಕೂರಿಸಬೇಕು.

ಬಹಳ ಜನ ಅದನ್ನು ಶೆಲ್ಫ್‌ಗೆ ತಾಗಿಸಿ, ತೀರಾ ಕೆಳಗೆ ಹಾಕುತ್ತಾರೆ. ಆಗ ಡಬ್ಬಿಯ ತಳ ನಿಲ್ಲುತ್ತದೆ, ತಲೆ ಮುಂದಕ್ಕೆ ಮಗುಚುತ್ತದೆ. ಎತ್ತರದ ಬಾಟಲಿ ಇದ್ದರೆ ರಾಡ್ ಅದರ ಅರ್ಧಕ್ಕಿಂತ ಸ್ವಲ್ಪ ಮೇಲೆ ಬರಬೇಕು. ಒಂದೇ ಶೆಲ್ಫ್‌ನಲ್ಲಿ ಎತ್ತರದ್ದೂ ಗಿಡ್ಡದ್ದೂ ಇದ್ದರೆ ಎರಡು ಸಾಲಿನ ರಾಡ್ ತೆಗೆದುಕೊಳ್ಳಿ. ಸಾಮಾನಿಗೆ ಅಂಟಿಕೊಂಡ ಹಾಗೆ ಹಾಕಿ. ರಾಡ್‌ಗೂ ಬಾಟಲಿಗೂ ನಡುವೆ ನಾಲ್ಕು ಬೆರಳು ಜಾಗ ಬಿಟ್ಟರೆ ಅದು ಇದ್ದೂ ಇಲ್ಲದ ಹಾಗೆ.

ರಾಡ್ ಹಾಕ್ತೀನಿ, ಆದ್ರೆ ಅರ್ಧ ದಾರಿಗೇ ಬಿದ್ದಿರುತ್ತೆ. ಯಾಕೆ?

ಹೆಚ್ಚಾಗಿ ಗೋಡೆಯ ತೇವ ಕಾರಣ. ಫ್ರಿಜ್ ಗೋಡೆಯ ಮೇಲೆ ಬೆವರಿನ ಹಾಗೆ ನೀರು ಕೂತಿರುತ್ತದೆ, ರಬ್ಬರ್ ಜಾರುತ್ತದೆ. ರಾಡ್ ಕೂರಿಸುವ ಜಾಗವನ್ನೂ ರಬ್ಬರ್ ತುದಿಯನ್ನೂ ಒಣ ಬಟ್ಟೆಯಿಂದ ಒರೆಸಿ. ಆಮೇಲೆ ರಾಡ್‌ನ ಉದ್ದ ನೋಡಿ. ಗೋಡೆಯಿಂದ ಗೋಡೆಗೆ ಇರುವ ಅಳತೆಗಿಂತ ಒಂದೆರಡು ಸೆಂಟಿಮೀಟರ್ ಉದ್ದಕ್ಕೆ ತಿರುಗಿಸಿ ಬಿಗಿ ಮಾಡಿ, ಆಮೇಲೆ ಒತ್ತಿ ಒಳಗೆ ಕೂರಿಸಿ. ಗೋಡೆ ಉಬ್ಬುವಷ್ಟು ಬಿಗಿ ಬೇಡ, ಒಳಗಿನ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಒಂದು ಶೆಲ್ಫ್‌ನ ಎಲ್ಲ ಭಾರ ಒಂದೇ ರಾಡ್ ಮೇಲೆ ಬೀಳುತ್ತಿದ್ದರೆ ರಾಡ್‌ನ ತಪ್ಪಲ್ಲ, ಸಾಮಾನು ಕೆಳಗಿಳಿಸಿ.

ಫ್ರಿಜ್ ಅರ್ಧ ಖಾಲಿ ಇದೆ. ಮಧ್ಯದ ಜಾಗಕ್ಕೆ ಏನು ತುಂಬಿಸಲಿ?

ಅರ್ಧ ಖಾಲಿ ಫ್ರಿಜ್ ತುಂಬಿದ ಫ್ರಿಜ್‌ಗಿಂತ ಜಾಸ್ತಿ ತೊಂದರೆ ಕೊಡುತ್ತದೆ. ವಾಪಸ್ ಬರುವ ದಾರಿಯಲ್ಲಿ ಹೆಚ್ಚು ಒಡೆಯುವುದು ಅದಕ್ಕೇ. ಹೋಗುವಾಗ ಒತ್ತೊತ್ತಾಗಿ ಇದ್ದದ್ದು ಈಗ ಸಡಿಲ ಆಗಿರುತ್ತದೆ, ನಾವು ಮತ್ತೆ ಜೋಡಿಸುವುದಿಲ್ಲ.

ನನಗೆ ಇಷ್ಟವಾದ ಉಪಾಯ ನೀರಿನ ಪ್ಲಾಸ್ಟಿಕ್ ಬಾಟಲಿ. ಜಾಗವೂ ತುಂಬುತ್ತದೆ, ತಂಪನ್ನೂ ಹಿಡಿದಿಡುತ್ತದೆ, ಕುಡಿಯಲೂ ಆಗುತ್ತದೆ. ಕೆಳಗಿನ ಶೆಲ್ಫ್‌ಗಳಿಗೆ ಇದು ಚೆನ್ನ. ಮೇಲೆ ಹಗುರವಾದದ್ದು ಬೇಕು: ಸುತ್ತಿದ ಟವೆಲ್, ಗಾಳಿ ತುಂಬಿ ಬಾಯಿ ಮುಚ್ಚಿದ ಜಿಪ್ ಚೀಲ, ಖಾಲಿ ಡಬ್ಬಿ. ಗಾಳಿ ಚೀಲದ ಒಂದು ಅನುಕೂಲ ಏನೆಂದರೆ ಯಾವ ಸಂದಿಗಾದರೂ ಅದು ಹೊಂದಿಕೊಳ್ಳುತ್ತದೆ. ಆದರೆ ಗಾಳಿ ಓಡಾಡುವ ದಾರಿ ಮುಚ್ಚಬೇಡಿ. ಹಿಂದಿನ ತಂಪು ಫಲಕದ ಮುಂದೆ ಎರಡು ಬೆರಳಿನಷ್ಟು ಜಾಗ ಬಿಡಿ.

## ಒಂದೊಂದು ಪದಾರ್ಥಕ್ಕೆ ಒಂದೊಂದು ದಾರಿ

ಮೊಟ್ಟೆ ಒಡೆಯದೆ ತಲುಪೋದು ಹೇಗೆ?

ಬಾಗಿಲಿನ ಮೊಟ್ಟೆ ಗೂಡು ಮರೆತುಬಿಡಿ. ಮುಚ್ಚಳ ಚಿಲಕ ಹಾಕುವ ಗಟ್ಟಿ ಪ್ಲಾಸ್ಟಿಕ್ ಮೊಟ್ಟೆ ಡಬ್ಬಿ ಸಿಗುತ್ತದೆ, ಅದು ಒಳ್ಳೆಯದು. ಅದಿಲ್ಲದಿದ್ದರೆ ಅಂಗಡಿಯ ರಟ್ಟಿನ ಡಬ್ಬಿಯನ್ನೇ ಒಂದು ರಬ್ಬರ್ ಬ್ಯಾಂಡ್ ಹಾಕಿ ಇಡಿ. ರಟ್ಟು ಮೆತ್ತಗೆ ಇರುವುದರಿಂದ ಏಟು ತಡೆದುಕೊಳ್ಳುತ್ತದೆ. ಮೊಟ್ಟೆ ಅಲುಗಿದರೆ ಸಂದಿಗೆ ಟಿಶ್ಯೂ ಸಿಕ್ಕಿಸಿ. ಡಬ್ಬಿಯ ಮೇಲೆ ಏನೂ ಬೀಳದ ಜಾಗ ಅಂದರೆ ಮೇಲಿನ ಶೆಲ್ಫ್‌ನ ಮೂಲೆ.

ಗಾಜಿನ ಬಾಟಲಿ ಬಿಡೋಕೆ ಆಗಲ್ಲ. ಏನು ಮಾಡ್ಲಿ?

ಒಳಗಿರುವುದನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿಕೊಳ್ಳುವುದು ಮೊದಲ ಸಲಹೆ. ಆಗದಿದ್ದರೆ ಹಳೆಯ ದಪ್ಪ ಕಾಲುಚೀಲ ತೊಡಿಸಿ. ಗಾಜು ಒಡೆಯುವುದು ಹೆಚ್ಚಾಗಿ ಇನ್ನೊಂದು ಗಾಜಿಗೆ ತಾಗಿ. ಎರಡು ಬಾಟಲಿಗಳ ನಡುವೆ ಬಟ್ಟೆ ಇದ್ದರೆ ಅರ್ಧ ಅಪಾಯ ಕಡಿಮೆ. ಆಮೇಲೆ ಅವನ್ನೆಲ್ಲ ಎತ್ತರದ ಅಂಚಿರುವ ಒಂದು ಬುಟ್ಟಿಯಲ್ಲಿ ಒತ್ತಾಗಿ ನಿಲ್ಲಿಸಿ, ಕೆಳಗಿನ ಶೆಲ್ಫ್‌ನಲ್ಲಿ ಇಡಿ. ಒಂದು ವೇಳೆ ಒಡೆದರೂ ಚೂರು ಬುಟ್ಟಿಯಲ್ಲೇ ಉಳಿಯುತ್ತದೆ. ಗಾಜಿನ ಚೂರು ಬಿದ್ದ ತೆರೆದ ಆಹಾರ ಯಾವುದನ್ನೂ ಉಳಿಸಿಕೊಳ್ಳಬೇಡಿ.

ತೆರೆದ ಹಾಲಿನ ಪೊಟ್ಟಣ ಯಾವಾಗ್ಲೂ ಸೋರುತ್ತೆ

ತಿರುಗಿಸಿ ಮುಚ್ಚುವ, ಒಳಗೆ ರಬ್ಬರ್ ಉಂಗುರ ಇರುವ ಬಾಟಲಿಗೆ ಸುರಿದುಕೊಳ್ಳಿ. ಮುಚ್ಚಳ ಹಾಕಿ ಸಿಂಕ್ ಮೇಲೆ ತಲೆಕೆಳಗು ಹಿಡಿದು ಹತ್ತು ಎಣಿಸಿ. ಒಂದು ಹನಿ ಬಂದರೂ ಆ ಬಾಟಲಿ ಪ್ರಯಾಣಕ್ಕೆ ಬೇಡ. ಸೂಪು, ಸಾಸು, ಉಳಿದ ಅಡುಗೆ ಎಲ್ಲದಕ್ಕೂ ಇದೇ ಪರೀಕ್ಷೆ. ಬಿಸಿ ಅಡುಗೆಯನ್ನು ಡಬ್ಬಿಗೆ ಹಾಕಿ ತಕ್ಷಣ ಬಿಗಿಯಾಗಿ ಮುಚ್ಚಬೇಡಿ. ಆವಿ ತಣ್ಣಗಾದಾಗ ಒಳಗೆ ಒತ್ತಡ ಇಳಿದು ಮುಚ್ಚಳ ಅಂಟಿಕೊಳ್ಳುತ್ತದೆ. ಎಳೆದು ತೆರೆಯುವಾಗ ಅರ್ಧ ಚೆಲ್ಲುತ್ತದೆ.

ಬೆಟ್ಟ ಹತ್ತಿದ ಮೇಲೆ ಪ್ಯಾಕೆಟ್ಟುಗಳೆಲ್ಲ ಊದಿಕೊಂಡಿದ್ವು. ಹಾಳಾಯ್ತಾ?

ಹಾಳಾಗಿಲ್ಲದಿರಬಹುದು. ಮೇಲೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಇಳಿಯುತ್ತದೆ. 2500 ಮೀಟರ್ ಎತ್ತರದಲ್ಲಿ ಅದು ಸಮುದ್ರ ಮಟ್ಟಕ್ಕಿಂತ ಸುಮಾರು ಕಾಲು ಭಾಗ ಕಡಿಮೆ. ಪ್ಯಾಕೆಟ್ ಒಳಗೆ ಸಿಕ್ಕಿಕೊಂಡ ಗಾಳಿ ಹಿಗ್ಗುತ್ತದೆ. ಮೊಸರಿನ ಕಪ್ಪಿನ ತೆಳು ಹಾಳೆ ಉಬ್ಬುತ್ತದೆ, ಕೆಲವು ಸಲ ಅಂಚಿನಲ್ಲಿ ಬಿಟ್ಟುಕೊಳ್ಳುತ್ತದೆ. ಹತ್ತುವ ಮೊದಲು ಇಂಥವನ್ನು ಒಂದು ಜಿಪ್ ಚೀಲದಲ್ಲಿ ಹಾಕಿಡಿ. ತಿರುಗಿಸಿ ಮುಚ್ಚುವ ಡಬ್ಬಿಗಳ ಗಾಳಿಯನ್ನು ಮೇಲೆ ತಲುಪಿದ ಮೇಲೆ ಒಮ್ಮೆ ಮೆಲ್ಲಗೆ ಬಿಡಿ, ಮುಖಕ್ಕೆ ಹಿಡಿದು ತೆರೆಯಬೇಡಿ. ದಾರಿಯಲ್ಲಿ ಕುಲುಕಿದ ಸೋಡಾ ಬಾಟಲಿಯನ್ನು ಗಾಡಿ ನಿಲ್ಲಿಸಿದ ತಕ್ಷಣ ತೆರೆಯದೆ ಸ್ವಲ್ಪ ಹೊತ್ತು ಬಿಡಬೇಕು.

ಕೆಳಗೆ ಇಳಿದು ಬಂದ ಮೇಲೂ ಪ್ಯಾಕೆಟ್ ಊದಿಕೊಂಡೇ ಇದ್ದರೆ ಅದು ಎತ್ತರದ ಕೆಲಸ ಅಲ್ಲ. ಬಿಸಾಡಿ.

ಹಸಿ ಮಾಂಸ, ಮೀನು ಒಯ್ಯಬಹುದಾ?

ಒಯ್ಯಬಹುದು. ಕೆಳಗಿನ ಶೆಲ್ಫ್‌ನಲ್ಲಿ, ಜಿಪ್ ಚೀಲದೊಳಗೆ, ಆ ಚೀಲ ಗಟ್ಟಿ ಮುಚ್ಚಳದ ಡಬ್ಬಿಯೊಳಗೆ. ಎರಡು ಪದರ ಬೇಕೇ ಬೇಕು. ಮನೆಯ ಫ್ರಿಜ್‌ನಲ್ಲಿ ರಸ ಕೆಳಕ್ಕೆ ಮಾತ್ರ ಇಳಿಯುತ್ತದೆ. ಓಡುವ ವಾಹನದಲ್ಲಿ ಅದು ಪಕ್ಕಕ್ಕೂ ಚಿಮ್ಮುತ್ತದೆ, ಸೊಪ್ಪಿನ ಮೇಲೂ ಬೀಳುತ್ತದೆ. ಗಟ್ಟಿಯಾಗಿ ಹೆಪ್ಪುಗಟ್ಟಿಸಿ ಒಯ್ದರೆ ಇನ್ನೂ ಒಳ್ಳೆಯದು.

ಫ್ರೀಜರ್‌ಗೂ ಇಷ್ಟೇ ಜೋಪಾನ ಬೇಕಾ?

ಹೆಪ್ಪುಗಟ್ಟಿದ ಸಾಮಾನು ಚೆಲ್ಲುವುದಿಲ್ಲ, ಆದರೆ ಕಲ್ಲಿನ ಹಾಗೆ ಬಡಿಯುತ್ತದೆ. ಒತ್ತಾಗಿ ತುಂಬಿಸಿ. ನೀರು ತುಂಬಿದ ಐಸ್ ಟ್ರೇ ಹಾಗೇ ಬಿಟ್ಟು ಹೊರಡಬೇಡಿ. ಹಿಂದಿನ ದಿನವೇ ಐಸ್ ಮಾಡಿ, ಚೀಲಕ್ಕೆ ಹಾಕಿ, ಟ್ರೇ ಖಾಲಿ ಇಡಿ.

ಶೆಲ್ಫ್ ಮೇಲೆ ಜಾರದ ಮ್ಯಾಟ್ ಹಾಸಿದ್ರೆ ಸಾಲದಾ?

ಜಾರುವುದು ಕಡಿಮೆ ಆಗುತ್ತದೆ, ಮಗುಚುವುದು ಕಡಿಮೆ ಆಗುವುದಿಲ್ಲ. ಎತ್ತರದ ಬಾಟಲಿಯ ತಳ ಹಿಡಿದುಕೊಂಡರೆ ತಲೆ ಮೊದಲು ಹೋಗುತ್ತದೆ, ಹಾಗಾಗಿ ಬರೀ ಮ್ಯಾಟ್ ನಂಬಬೇಡಿ. ಹಾಸುವುದಾದರೆ ಬಲೆಯ ಹಾಗೆ ತೂತು ಇರುವ ರಬ್ಬರ್ ಮ್ಯಾಟ್ ಹಾಸಿ, ಶೆಲ್ಫ್ ಪೂರ್ತಿ ಮುಚ್ಚಬೇಡಿ. ತಂತಿ ಶೆಲ್ಫ್‌ಗಳ ಸಂದಿಯಲ್ಲೇ ತಣ್ಣನೆ ಗಾಳಿ ಕೆಳಗೆ ಇಳಿಯಬೇಕು. ಒಳಗೆ ಫ್ಯಾನ್ ಇಲ್ಲದ ಫ್ರಿಜ್‌ಗೆ ಇದು ಇನ್ನೂ ಮುಖ್ಯ.

## ಬಾಗಿಲಿನ ವಿಷಯ

ತಿರುವಿನಲ್ಲಿ ಬಾಗಿಲು ತಾನಾಗೇ ತೆರೆದುಕೊಳ್ಳುತ್ತೆ. ಚಿಲಕ ಹಾಳಾಗಿದ್ಯಾ?

ಮೊದಲು ಚಿಲಕವನ್ನು ಅನುಮಾನಿಸುವ ಬದಲು ಕಿವಿಗೊಟ್ಟು ಕೇಳಿ. ಮುಚ್ಚುವಾಗ ‘ಟಕ್’ ಅಂತ ಸದ್ದು ಬರಬೇಕು. ಕೆಲವು ಫ್ರಿಜ್‌ಗಳಲ್ಲಿ ಮೇಲೂ ಕೆಳಗೂ ಎರಡು ಕೊಂಡಿ ಇರುತ್ತವೆ. ಮೇಲಿನದು ಕೂತು ಕೆಳಗಿನದು ಕೂರದೇ ಇರುವುದು ಬಹಳ ಸಾಮಾನ್ಯ. ಮುಚ್ಚಿದ ಮೇಲೆ ಬಾಗಿಲಿನ ಮೇಲಿನ ಮೂಲೆ, ಕೆಳಗಿನ ಮೂಲೆ ಎರಡನ್ನೂ ಬೇರೆ ಬೇರೆಯಾಗಿ ಎಳೆದು ನೋಡಿ.

ಎರಡೂ ಕೂತಿದ್ದೂ ತೆರೆದುಕೊಂಡರೆ, ಒಳಗಿನಿಂದ ಏನೋ ತಳ್ಳುತ್ತಿದೆ. ಶೆಲ್ಫ್‌ನಿಂದ ಮುಂದಕ್ಕೆ ಚಾಚಿದ ತಟ್ಟೆ, ಬಾಗಿಲಿನ ಗೂಡಿಗೆ ತಾಗುವ ಬಾಟಲಿ, ಇಂಥದ್ದು. ಅದನ್ನೂ ಸರಿ ಮಾಡಿದ ಮೇಲೆ ಉಳಿಯುವುದು ಸವೆದ ಕೊಂಡಿ. ಹೆಚ್ಚಿನ ಮಾದರಿಗಳಲ್ಲಿ ಅದು ಪ್ಲಾಸ್ಟಿಕ್ಕಿನ ಸಣ್ಣ ಭಾಗ, ಬದಲಿಸಬಹುದು. ಬದಲಿಸುವವರೆಗೆ ಮಕ್ಕಳು ತೆರೆಯದಂತೆ ಹಾಕುವ ಪಟ್ಟಿ ಲಾಕ್ ಅಂಟಿಸಿ. ಅಂಟಿಸುವ ಜಾಗವನ್ನು ಸ್ಪಿರಿಟ್‌ನಿಂದ ಒರೆಸಿ, ಒಂದು ದಿನ ಹಾಗೇ ಬಿಟ್ಟು ಆಮೇಲೆ ಎಳೆದು ನೋಡಿ. ಜಿಡ್ಡಿನ ಮೇಲೆ ಅಂಟಿಸಿದ್ದು ಮೊದಲ ಹಂಪ್‌ನಲ್ಲೇ ಕಿತ್ತುಬರುತ್ತದೆ.

ನನ್ನ ಗಾಡಿಯಲ್ಲಿ ಬಲಕ್ಕೆ ತಿರುಗಿದಾಗ ಏನೂ ಆಗಲ್ಲ, ಎಡಕ್ಕೆ ತಿರುಗಿದಾಗ ಮಾತ್ರ ದಡಬಡ ಸದ್ದು. ಯಾಕೆ?

ನಿಮ್ಮ ಫ್ರಿಜ್ ಎಡಗೋಡೆಗೆ ಒರಗಿದೆ, ಬಾಗಿಲು ಬಲಕ್ಕೆ ಮುಖ ಮಾಡಿದೆ ಅಂತ ನನ್ನ ಊಹೆ. ಗಾಡಿ ಎಡಕ್ಕೆ ತಿರುಗಿದರೆ ಒಳಗಿನದೆಲ್ಲ ಬಲಕ್ಕೆ, ಅಂದರೆ ಬಾಗಿಲಿನ ಕಡೆಗೆ ಬರುತ್ತದೆ. ಬಲಕ್ಕೆ ತಿರುಗಿದಾಗ ಹಿಂದಿನ ಗೋಡೆಗೆ ಒತ್ತಿಕೊಳ್ಳುತ್ತದೆ. ಆ ಗೋಡೆ ಅಲುಗುವುದಿಲ್ಲ, ಅದಕ್ಕೇ ಸದ್ದಿಲ್ಲ.

ಈ ಪ್ರಶ್ನೆ ಕೇಳಿದವರು ನನಗೆ ಬಹಳ ಇಷ್ಟ, ಯಾಕೆಂದರೆ ಜೋಡಿಸುವ ರೀತಿ ನಿಜವಾಗಿ ತೀರ್ಮಾನವಾಗುವುದು ಇಲ್ಲೇ. ಬಾಗಿಲು ಪಕ್ಕಕ್ಕೆ ಮುಖ ಮಾಡಿದ್ದರೆ ತಿರುವುಗಳು ಸಾಮಾನನ್ನು ಬಾಗಿಲಿಗೆ ತಳ್ಳುತ್ತವೆ, ಬ್ರೇಕ್ ಅದನ್ನು ಪಕ್ಕದ ಗೋಡೆಗೆ ತಳ್ಳುತ್ತದೆ. ಹಾಗಾಗಿ ರಾಡ್ ಬಾಗಿಲ ಕಡೆಗೆ ಬೇಕು, ಗಾಡಿಯ ಮುಂಭಾಗದ ಕಡೆಯ ಗೋಡೆಗೆ ಭಾರದ, ಚಪ್ಪಟೆ ಡಬ್ಬಿಗಳನ್ನು ತಾಗಿಸಿ ಇಡಬೇಕು. ಆಗ ಬ್ರೇಕ್ ಒತ್ತಿದಾಗ ಅವಕ್ಕೆ ಓಡಲು ದೂರವೇ ಇರುವುದಿಲ್ಲ. ಬಾಗಿಲು ಗಾಡಿಯ ಹಿಂದಕ್ಕೆ ನೋಡುತ್ತಿದ್ದರೆ ಏರು ರಸ್ತೆ, ಜೋರಾಗಿ ಹೊರಡುವುದು ಇವೇ ಶತ್ರು. ಮುಂದಕ್ಕೆ ನೋಡುತ್ತಿದ್ದರೆ ಪ್ರತಿ ಬ್ರೇಕೂ ಬಾಗಿಲ ಮೇಲೆ ಬೀಳುತ್ತದೆ. ಆ ಫ್ರಿಜ್‌ಗೆ ಹೊರಗಿನಿಂದ ಇನ್ನೊಂದು ಪಟ್ಟಿ ಹಾಕಲೇಬೇಕು.

ನಿಮ್ಮ ಫ್ರಿಜ್ ಯಾವ ಕಡೆ ನೋಡುತ್ತದೆ ಅಂತ ಒಂದು ನಿಮಿಷ ನಿಂತು ನೋಡಿ, ಆಮೇಲೆ ಜೋಡಿಸಿ.

ದಾರಿಯಲ್ಲಿ ಒಳಗೆ ಏನೋ ಬಿದ್ದ ಸದ್ದು ಕೇಳಿದ್ರೆ?

ಓಡುತ್ತಿರುವಾಗ ಯಾರೂ ಎದ್ದು ಹೋಗಬಾರದು. ಹಾಲು ಚೆಲ್ಲಿದರೆ ಒರೆಸಬಹುದು, ಬಿದ್ದು ತಲೆ ಒಡೆದುಕೊಂಡರೆ ಕಷ್ಟ. ಸುರಕ್ಷಿತ ಜಾಗ ಬಂದಾಗ ನಿಲ್ಲಿಸಿ.

ತೆರೆಯುವಾಗ ಒಂದು ಕೈಯನ್ನು ಬಾಗಿಲ ಮೇಲೆ ಅಡ್ಡ ಹಿಡಿದು, ಮೊದಲು ಎರಡು ಬೆರಳಿನಷ್ಟು ಮಾತ್ರ ತೆರೆಯಿರಿ. ಸಂದಿಯಿಂದ ನೋಡಿ. ಏನಾದರೂ ಒರಗಿದ್ದರೆ ಆ ಕೈಯಿಂದಲೇ ಒಳಗೆ ತಳ್ಳಿ. ಕಾಲು ಪಕ್ಕಕ್ಕೆ ಇರಲಿ, ಚಪ್ಪಲಿ ಇರಲಿ. ಸದ್ದು ಕೇಳದಿದ್ದರೂ ಪ್ರತಿ ನಿಲುಗಡೆಯಲ್ಲಿ ಹೀಗೇ ತೆರೆಯುವುದು ಒಳ್ಳೆಯ ಅಭ್ಯಾಸ. ಆ ಜಾಮ್ ಶೀಶೆ ನನಗೆ ಕಲಿಸಿದ್ದು ಇದು.

ಬಾಗಿಲ ರಬ್ಬರ್ ಸರಿ ಇದೆಯಾ ಅಂತ ನೋಡೋದು ಹೇಗೆ?

ಒಂದು ಕಾಗದದ ಚೂರನ್ನು ಬಾಗಿಲಿಗೂ ಚೌಕಟ್ಟಿಗೂ ನಡುವೆ ಇಟ್ಟು ಮುಚ್ಚಿ, ಎಳೆಯಿರಿ. ಹಿಡಿತ ಸಿಗಬೇಕು. ಸುಮ್ನೆ ಜಾರಿ ಬಂದರೆ ಅಲ್ಲಿ ರಬ್ಬರ್ ಸಡಿಲ. ಸುತ್ತಲೂ ಏಳೆಂಟು ಕಡೆ ನೋಡಿ. ಬರೀ ಜಿಡ್ಡು ಕೂತಿದ್ದರೆ ಸೋಪಿನ ನೀರಿನಲ್ಲಿ ಒರೆಸಿದರೇ ಸರಿಹೋಗುತ್ತದೆ.

## ಓಡುವಾಗ ತಂಪು ಉಳಿಸಿಕೊಳ್ಳುವುದು

ಹೊರಡೋ ಎಷ್ಟು ಹೊತ್ತು ಮುಂಚೆ ಫ್ರಿಜ್ ಆನ್ ಮಾಡ್ಬೇಕು?

ಹಿಂದಿನ ದಿನ. ಗ್ಯಾಸ್‌ನಲ್ಲೂ ಓಡುವ, ಶಾಖದ ಬಲದಿಂದ ತಂಪು ಮಾಡುವ ಹೀರಿಕೆ (ಅಬ್ಸಾರ್ಪ್ಷನ್) ಮಾದರಿಯ ಫ್ರಿಜ್ ಬಹಳ ನಿಧಾನ, ಪೂರ್ತಿ ತಣ್ಣಗಾಗಲು ರಾತ್ರಿಯೆಲ್ಲ ಬೇಕಾಗಬಹುದು. ಕಂಪ್ರೆಸರ್ ಇರುವುದು ಬೇಗ ತಣ್ಣಗಾಗುತ್ತದೆ. ಎರಡಕ್ಕೂ ಒಂದೇ ನಿಯಮ: ಒಳಗೆ ಇಡುವ ಸಾಮಾನು ಮೊದಲೇ ಮನೆಯ ಫ್ರಿಜ್‌ನಲ್ಲಿ ತಣ್ಣಗಾಗಿರಲಿ. ಚಿಕ್ಕ ಫ್ರಿಜ್‌ಗೆ ತಂಪನ್ನು ಕಾಯುವುದು ಸುಲಭ, ಹೊಸದಾಗಿ ಮಾಡುವುದು ಕಷ್ಟ.

ಓಡುವಾಗ ಆಫ್ ಮಾಡಿದ್ರೆ ಎಷ್ಟು ಹೊತ್ತು ತಡೆಯುತ್ತೆ?

ಬಾಗಿಲು ತೆರೆಯದಿದ್ದರೆ ಮನೆಯ ಫ್ರಿಜ್ ಸುಮಾರು 4 ಗಂಟೆ ತಂಪಾಗಿರುತ್ತದೆ ಅಂತ ಲೆಕ್ಕ. ಆರ್‌ವಿಯದು ಚಿಕ್ಕದು, ಬಿಸಿಲಿಗೆ ನಿಂತ ಗಾಡಿಯಲ್ಲಿರುತ್ತದೆ. ಹಾಗಾಗಿ ಗಂಟೆ ಎಣಿಸುವುದಕ್ಕಿಂತ ಥರ್ಮಾಮೀಟರ್ ನಂಬಿ. ಒಳಗೆ 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇರಬೇಕು, ಫ್ರೀಜರ್‌ನಲ್ಲಿ ಮೈನಸ್ 18. ಹಾಲು, ಮಾಂಸ, ಬೇಯಿಸಿದ ಅಡುಗೆ 4 ಡಿಗ್ರಿಗಿಂತ ಮೇಲೆ 2 ಗಂಟೆಗಿಂತ ಜಾಸ್ತಿ ಇದ್ದರೆ ತಿನ್ನಬೇಡಿ. ಮೂಗಿನಿಂದ ನೋಡಿ ತೀರ್ಮಾನಿಸುವ ವಿಷಯ ಅಲ್ಲ ಅದು. ಕೆಟ್ಟದ್ದೆಲ್ಲ ವಾಸನೆ ಬರುವುದಿಲ್ಲ.

ಚಾಲಕನ ಹತ್ತಿರ ಪರದೆ ಇಟ್ಟುಕೊಂಡು ಒಳಗೆ ಸೆನ್ಸರ್ ಇಡುವ ವೈರ್‌ಲೆಸ್ ಥರ್ಮಾಮೀಟರ್ ಸಿಗುತ್ತದೆ. ಬಾಗಿಲು ಸ್ವಲ್ಪ ಬಿಟ್ಟುಕೊಂಡರೂ ತಾಪ ಏರುವುದು ಕಾಣುತ್ತದೆ. ಅದೊಂದನ್ನು ಖಂಡಿತ ತೆಗೆದುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಬ್ಯಾಟರಿಯಲ್ಲಿ ಓಡಿಸಬಹುದಾ?

12 ವೋಲ್ಟ್ ಕಂಪ್ರೆಸರ್ ಫ್ರಿಜ್ ಆದರೆ ಆರಾಮವಾಗಿ. ಅದು ಮಧ್ಯೆ ಮಧ್ಯೆ ನಿಂತು ಓಡುತ್ತದೆ, ವಿದ್ಯುತ್ ಕಡಿಮೆ ಸಾಕು. ಹೀರಿಕೆ ಮಾದರಿಯದು 12 ವೋಲ್ಟ್‌ನಲ್ಲಿ ಒಂದು ಹೀಟರ್ ಉರಿಸುತ್ತದೆ, ಬ್ಯಾಟರಿಯನ್ನು ಬೇಗ ಹೀರಿಬಿಡುತ್ತದೆ. ಎಂಜಿನ್ ಓಡುತ್ತಾ ಚಾರ್ಜ್ ಆಗುತ್ತಿರುವಾಗ ಸರಿ. ಊಟಕ್ಕೆ ಅಂತ ನಿಲ್ಲಿಸಿದಾಗ ಗ್ಯಾಸ್‌ಗೆ ಬದಲಿಸಿ.

ಗ್ಯಾಸ್‌ನಲ್ಲಿ ಓಡಿಸ್ತಾ ಹೋಗಬಹುದಾ? ಒಬ್ಬೊಬ್ರು ಒಂದೊಂದು ಹೇಳ್ತಾರೆ

ಬೇಡ ಅನ್ನುವವರ ಪಕ್ಷ ನಾನು. ಗ್ಯಾಸ್‌ನಲ್ಲಿ ಓಡುವಾಗ ಫ್ರಿಜ್ ಹಿಂದೆ ಸಣ್ಣ ಜ್ವಾಲೆ ಉರಿಯುತ್ತಿರುತ್ತದೆ. ಪೆಟ್ರೋಲ್ ಬಂಕ್ ಹತ್ತಿರ ಆ ಜ್ವಾಲೆ ಇರಲೇಬಾರದು, ಅದರಲ್ಲಿ ಎರಡು ಮಾತಿಲ್ಲ. ಬಂಕ್ ಒಳಗೆ ಬಂದ ಮೇಲೆ ನೆನಪಾದರೆ ತಡವಾಯಿತು, ಮೊದಲೇ ಆರಿಸಿ. ಅಪಘಾತದಲ್ಲಿ ಪೈಪ್ ಕಿತ್ತರೆ ತೆರೆದ ಸಿಲಿಂಡರ್‌ನಿಂದ ಗ್ಯಾಸ್ ಹೊರಬರುತ್ತದೆ. ಕೆಲವು ಸುರಂಗಗಳಲ್ಲಿ ಗ್ಯಾಸ್ ಸಿಲಿಂಡರ್ ಒಯ್ಯಲು ನಿರ್ಬಂಧ ಇರುತ್ತದೆ. ಹಡಗಿನ ಮೇಲೆ ಗಾಡಿ ಹತ್ತಿಸುವಾಗ ವಾಲ್ವ್ ಮುಚ್ಚಿಸುತ್ತಾರೆ. ನಿಯಮ ಜಾಗದಿಂದ ಜಾಗಕ್ಕೆ ಬೇರೆ, ಹೋಗುವ ದಾರಿಯದನ್ನು ಮೊದಲೇ ನೋಡಿಕೊಳ್ಳಿ.

ಚೆನ್ನಾಗಿ ತಣ್ಣಗೆ ಮಾಡಿ ಒತ್ತಾಗಿ ತುಂಬಿದ ಫ್ರಿಜ್‌ಗೆ ಅರ್ಧ ದಿನದ ಪ್ರಯಾಣದಲ್ಲಿ ಗ್ಯಾಸಿನ ಅಗತ್ಯ ಹೆಚ್ಚಾಗಿ ಬರುವುದೇ ಇಲ್ಲ. ಹೆಪ್ಪುಗಟ್ಟಿಸಿದ ಎರಡು ಚಿಕ್ಕ ನೀರಿನ ಬಾಟಲಿ ಮೇಲಿನ ಶೆಲ್ಫ್‌ನಲ್ಲಿ ಮಲಗಿಸಿಟ್ಟರೆ ಇನ್ನಷ್ಟು ಹೊತ್ತು ಬರುತ್ತದೆ.

## ಇನ್ನೂ ಸ್ವಲ್ಪ ಆಳಕ್ಕೆ

ಓಡುವಾಗ ಗಾಡಿ ಓಲಾಡುತ್ತೆ, ಆದ್ರೂ ನಿಲ್ಲಿಸಿದಾಗ ಮಾತ್ರ ಫ್ರಿಜ್ ಲೆವೆಲ್ ಇರ್ಬೇಕು ಅಂತಾರೆ. ಅರ್ಥ ಆಗ್ಲಿಲ್ಲ

ಹೀರಿಕೆ ಮಾದರಿಯ ಫ್ರಿಜ್‌ಗೆ ಈ ಮಾತು. ಅದರೊಳಗೆ ಅಮೋನಿಯಾ, ನೀರು, ಹೈಡ್ರೋಜನ್ ಇರುತ್ತವೆ. ತಳ್ಳುವ ಪಂಪ್ ಇಲ್ಲ. ಬಿಸಿ ಮಾಡಿದಾಗ ಅಮೋನಿಯಾ ಆವಿಯಾಗಿ ಮೇಲೇರುತ್ತದೆ, ಆಮೇಲೆ ದ್ರವ ತನ್ನ ಭಾರದಿಂದಲೇ ಕೊಳವೆಯಲ್ಲಿ ಇಳಿದು ಬರಬೇಕು. ಗಾಡಿ ವಾಲಿ ನಿಂತರೆ ಆ ದ್ರವ ಕೊಳವೆಯ ತಗ್ಗಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕಾಯಿಸುವ ಜಾಗ ಒಣಗಿ ವಿಪರೀತ ಬಿಸಿಯಾಗುತ್ತದೆ. ತುಕ್ಕು ಹಿಡಿಯದಿರಲಿ ಅಂತ ಹಾಕಿದ ರಾಸಾಯನಿಕ ಅಲ್ಲಿ ಗಟ್ಟಿಯಾಗಿ ಕೊಳವೆ ಕಟ್ಟಬಹುದು. ಒಮ್ಮೆ ಕಟ್ಟಿದರೆ ಅದು ಬಿಡುವುದಿಲ್ಲ.

ಓಡುವಾಗ ಗಾಡಿ ಈಗ ಆ ಕಡೆ, ಈಗ ಈ ಕಡೆ ಓಲಾಡುತ್ತದೆ. ಸಿಕ್ಕಿಕೊಂಡ ದ್ರವ ಮರುಕ್ಷಣ ಬಿಡಿಸಿಕೊಂಡು ಇಳಿಯುತ್ತದೆ. ಅದಕ್ಕೇ ಓಡುವಾಗ ತೊಂದರೆ ಇಲ್ಲ. ಇಳಿಜಾರಿನಲ್ಲಿ ತುಂಬಾ ಹೊತ್ತು ನಿಲ್ಲಿಸುವುದಾದರೆ ಫ್ರಿಜ್ ಆಫ್ ಮಾಡಿ. ಕಂಪ್ರೆಸರ್ ಫ್ರಿಜ್‌ಗೆ ಇಷ್ಟು ಕಟ್ಟುನಿಟ್ಟು ಇಲ್ಲ.

ಆರ್‌ವಿಗೆ ಮನೆಯ ದೊಡ್ಡ ಫ್ರಿಜ್ ಹಾಕಿಸಿದ್ದೀವಿ. ಅದಕ್ಕೆ ಬೇರೆ ಜಾಗ್ರತೆ ಬೇಕಾ?

ಬೇಕು. ಮನೆಯ ಫ್ರಿಜ್ ಬಾಗಿಲನ್ನು ಹಿಡಿದಿರುವುದು ರಬ್ಬರ್‌ನೊಳಗಿನ ಅಯಸ್ಕಾಂತ ಮಾತ್ರ. ಚಿಲಕ ಇರುವುದಿಲ್ಲ. ಪ್ರತಿ ಬಾಗಿಲಿಗೂ, ಕೆಳಗೆ ಎಳೆಯುವ ಫ್ರೀಜರ್ ಡ್ರಾಯರ್‌ಗೂ ಹೊರಗಿನಿಂದ ಪಟ್ಟಿ ಬೇಕು. ಗಾಜಿನ ಶೆಲ್ಫ್‌ಗಳು ಸುಮ್ಮನೆ ಕೂತಿರುತ್ತವೆ, ಹಂಪ್‌ನಲ್ಲಿ ಮೇಲೆದ್ದು ಜಾರಬಹುದು. ಅಂಚಿಗೆ ಕ್ಲಿಪ್ ಹಾಕಿ ಅಥವಾ ಪ್ರಯಾಣದ ದಿನ ತೆಗೆದು ಟವೆಲ್‌ನಲ್ಲಿ ಸುತ್ತಿಡಿ. ಫ್ರಿಜ್ ಕೂಡ ನೆಲಕ್ಕೂ ಗೋಡೆಗೂ ಬೋಲ್ಟ್‌ನಿಂದ ಬಿಗಿಯಾಗಿರಬೇಕು. ಹಾಕಿಸುವಾಗ ಇದನ್ನು ಕಣ್ಣಾರೆ ನೋಡಿ.

ಮೇಲಿನಿಂದ ತೆರೆಯೋ ಪೆಟ್ಟಿಗೆ ಫ್ರಿಜ್ ಆದ್ರೆ ಈ ರಗಳೆಯೆಲ್ಲ ಇಲ್ಲ ತಾನೆ?

ಒಳಗಿನ ರಗಳೆ ಬಹಳ ಕಡಿಮೆ. ಬಾಗಿಲು ಮೇಲಿರುವುದರಿಂದ ಯಾವ ತಿರುವೂ ಅದರ ಮೇಲೆ ಭಾರ ಹಾಕುವುದಿಲ್ಲ. ಆದರೆ ಪೆಟ್ಟಿಗೆಯೇ ಓಡಾಡಬಾರದಲ್ವಾ? ತುಂಬಿದ ಪೆಟ್ಟಿಗೆ ಹತ್ತಾರು ಕಿಲೋ ತೂಗುತ್ತದೆ. ನೆಲಕ್ಕೆ ಬೋಲ್ಟ್ ಮಾಡಿದ ಕೊಂಡಿಗಳಿಗೆ ನಾಲ್ಕೂ ಮೂಲೆಯಿಂದ ಬೆಲ್ಟ್ ಬಿಗಿಯಿರಿ. ಗಾಳಿ ಹೋಗುವ ಜಾಲರಿ ಮುಚ್ಚದ ಹಾಗೆ ನೋಡಿಕೊಳ್ಳಿ.

ಇನ್ಸುಲಿನ್ ಒಯ್ಯಬೇಕು. ಫ್ರಿಜ್‌ನಲ್ಲಿ ಎಲ್ಲಿಡಲಿ?

ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಬೇಕು, ಹೆಪ್ಪುಗಟ್ಟಬಾರದು. ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿಸಿಯೂ ಬಳಸುವಂತಿಲ್ಲ. ಹಾಗಾಗಿ ಹಿಂದಿನ ತಂಪು ಫಲಕದಿಂದ ದೂರ, ನಡುವಿನ ಶೆಲ್ಫ್‌ನಲ್ಲಿ, ಬಟ್ಟೆ ಸುತ್ತಿ ಮುಚ್ಚಳದ ಡಬ್ಬಿಯೊಳಗೆ ಇಡಿ. ಆ ಡಬ್ಬಿ ರಾಡ್ ಹಿಂದೆ ಬಿಗಿಯಾಗಿ ಕೂರಬೇಕು, ಜಾರಿ ಫಲಕಕ್ಕೆ ತಾಗಬಾರದು. ಥರ್ಮಾಮೀಟರ್‌ನ ಸೆನ್ಸರ್ ಅದರ ಪಕ್ಕದಲ್ಲೇ ಇರಲಿ. ಎಲ್ಲವನ್ನೂ ಒಂದೇ ಕಡೆ ಇಡಬೇಡಿ, ಸ್ವಲ್ಪ ಬೇರೆ ತಂಪು ಚೀಲದಲ್ಲಿರಲಿ.

ಹಾಲು ಚೆಲ್ಲಿ ವಾರ ಆಯ್ತು, ಎಷ್ಟು ಒರೆಸಿದ್ರೂ ವಾಸನೆ ಹೋಗ್ತಿಲ್ಲ

ನೀವು ಒರೆಸಿದ ಜಾಗದಲ್ಲಿ ಹಾಲು ಇಲ್ಲ. ಶೆಲ್ಫ್ ಕೂರುವ ಗೀರು, ಬಾಗಿಲ ರಬ್ಬರ್ ಮಡಿಕೆ, ತರಕಾರಿ ಟ್ರೇ ಕೆಳಗೆ, ಹಿಂದೆ ನೀರು ಹೋಗುವ ತೂತು, ಈ ನಾಲ್ಕು ಕಡೆ ನೋಡಿ. ನನಗೆ ಸಿಕ್ಕಿದ್ದು ನೀರಿನ ತೂತಿನಲ್ಲಿ. ಒಂದು ಲೀಟರ್ ಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ಅಡುಗೆ ಸೋಡಾ ಬೆರೆಸಿ, ಮಡಿಕೆಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ತೂತಿಗೆ ಅದೇ ನೀರನ್ನು ಸೂಜಿ ಇಲ್ಲದ ಸಿರಿಂಜ್‌ನಲ್ಲಿ ಮೆಲ್ಲಗೆ ಬಿಡಿ. ಆಮೇಲೆ ಪೂರ್ತಿ ಒಣಗಲಿ.

ಪ್ರವಾಸ ಮುಗಿದ ಮೇಲೆ ಬಾಗಿಲು ಮುಚ್ಚಿಡಬೇಕಾ, ತೆರೆದಿಡಬೇಕಾ?

ಆಫ್ ಮಾಡಿದ ಫ್ರಿಜ್ ಬಾಗಿಲು ಮುಚ್ಚಿಟ್ಟರೆ ಒಳಗೆ ಬೂಷ್ಟು ಬರುತ್ತದೆ. ಖಾಲಿ ಮಾಡಿ, ಒರೆಸಿ, ಒಣಗಿಸಿ, ಸ್ವಲ್ಪ ತೆರೆದಿಡಿ. ಬಹಳಷ್ಟು ಆರ್‌ವಿ ಫ್ರಿಜ್‌ಗಳ ಚಿಲಕದಲ್ಲಿ ಇದಕ್ಕೇ ಇನ್ನೊಂದು ಸ್ಥಾನ ಇರುತ್ತದೆ. ಅದರಲ್ಲಿ ಬಾಗಿಲು ಒಂದು ಬೆರಳಿನಷ್ಟು ತೆರೆದು ಹಾಗೇ ನಿಲ್ಲುತ್ತದೆ. ರಾಡ್‌ಗಳನ್ನೂ ಬಿಚ್ಚಿ ಒಳಗೇ ಮಲಗಿಸಿಡಿ, ಸ್ಪ್ರಿಂಗ್ ಒತ್ತಿಕೊಂಡೇ ಇರುವುದು ಬೇಡ.

ಆದರೆ ಮುಂದಿನ ಸಲ ಹೊರಡುವಾಗ ಆ ಸ್ಥಾನದಿಂದ ಚಿಲಕವನ್ನು ತೆಗೆಯಲು ಮರೆತವರು ಬಹಳ ಜನ. ದೂರದಿಂದ ನೋಡಿದರೆ ಬಾಗಿಲು ಮುಚ್ಚಿದ ಹಾಗೇ ಕಾಣುತ್ತದೆ. ನಾನು ಚಿಲಕಕ್ಕೆ ಒಂದು ಕೆಂಪು ದಾರ ಕಟ್ಟುತ್ತೇನೆ. ದಾರ ಬಿಚ್ಚದೆ ಗಾಡಿ ಹೊರಡುವುದಿಲ್ಲ.